ಎರಡೇ ಪುಟ ಓದಿ ಬರೆದ ಚಿತ್ರ

ಇದು ನಡೆದದ್ದಂತೂ ನಿಜ. ಹೇಗೆ ನಡೆಯಿತು ಎಂದು ಕೇಳಿದರೆ ಮಾತ್ರ ನಾನು ಪ್ರಮಾಣ ಮಾಡಲಾರೆ. ಆ ದಿನ ಚುರುಕು ಬಿಸಿಲಿತ್ತು ಎಂದು ನನ್ನ ನೆನಪು. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ನಾಗೇಶನನ್ನು ಕೇಳಿದರೆ, “ಎಂತ ಬಿಸಿಲು ಮಾರಾಯ? ನನ್ನ ಕೊಡೆ ತಗೊಂಡು ಹೋದವ ಇವತ್ತಿನವರೆಗೆ ವಾಪಸ್ ಕೊಟ್ಟಿಲ್ಲ!” ಎನ್ನುತ್ತಾನೆ. ಇಬ್ಬರಲ್ಲಿ ಒಬ್ಬರು ತಪ್ಪು. ಇಬ್ಬರೂ ತಪ್ಪಿರಬಹುದು ಎನ್ನುವುದು ನನ್ನ ಈಚಿನ ಅಭಿಪ್ರಾಯ.

ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಕಣ್ಣಿಗೆ ಕಂಡದ್ದನ್ನು ಹಾಗೇ ನಂಬಬಾರದು ಎಂಬ ಒಂದೇ ವಿಷಯವನ್ನು ಮೈಸೂರಿನಲ್ಲಿ ಎರಡು ವರ್ಷ ಕಲಿತೆ. ಕಲಿತದ್ದನ್ನು ದೇವರ ಮೇಲೆ, ಜಾತಕದ ಮೇಲೆ, ಅಮ್ಮನ ಕಷಾಯದ ಮೇಲೆ ಧಾರಾಳವಾಗಿ ಪ್ರಯೋಗಿಸಿದೆ. ನನ್ನೊಬ್ಬನ ಮೇಲೆ ಪ್ರಯೋಗಿಸಲು ಮರೆತೆ. ಅದರ ಫಲವೇ ಈ ಕಥೆ.

ಎಂ.ಎ. ಮುಗಿಸಿ ಕೊಪ್ಪಕ್ಕೆ ಮರಳಿದಾಗ ಊರಿಗೆ ತತ್ವಶಾಸ್ತ್ರದ ಕೊರತೆಯೇನೂ ಇದ್ದಂತೆ ಕಾಣಲಿಲ್ಲ. ಕಾಲೇಜು ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆ. ಕಾಯುವುದಕ್ಕೂ ಒಂದು ಬಿಡುವು ಬೇಕಲ್ಲ! ಹಾಸ್ಟೆಲಿನಲ್ಲಿ ಮೇಷ್ಟ್ರುಗಳ ಮುಖ ಗೀಚಿ ಪಳಗಿದ್ದ ಕೈಯನ್ನು ನಂಬಿ, ಬೆಂಗಳೂರಿನ ಒಂದು ವಾರಪತ್ರಿಕೆಗೆ ನಾಲ್ಕು ಚಿತ್ರ ಕಳಿಸಿದೆ. ಮೂರು ವಾರದ ಮೇಲೆ ದಪ್ಪ ಲಕೋಟೆಯೊಂದು ಬಂತು. ಒಳಗೆ ಯಾರೋ ಬರೆದ ಕಥೆಯ ಹಸ್ತಪ್ರತಿ. ಅದಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿದ ಚೀಟಿ: “ಎರಡು ಕಾಲಂ ಅಗಲ. ಶುಕ್ರವಾರದೊಳಗೆ.” ನಮಸ್ಕಾರವಿಲ್ಲ, ಇಂತಿ ಇಲ್ಲ. ಆದರೂ ಆ ನಾಲ್ಕು ಪದಗಳನ್ನು ನಾನು ಓದಿದಷ್ಟು ಸಲ ಪ್ರೇಮಪತ್ರವನ್ನೂ ಯಾರೂ ಓದಿರಲಾರರು.

ಆ ಕಾಲದ ವಾಸನೆ ಈಗಲೂ ಮೂಗಿನಲ್ಲಿದೆ. ಕಪ್ಪು ಇಂಡಿಯನ್ ಇಂಕು, ದಪ್ಪ ಕಾಗದ, ಬೆಳಗಿನ ಬಸ್ಸಿನ ಟಾಪಿನಿಂದ ಧೊಪ್ಪೆಂದು ಬೀಳುತ್ತಿದ್ದ ಪತ್ರಿಕೆಯ ಕಟ್ಟು. ನಾಗೇಶ ಹಲ್ಲಿನಿಂದ ಹುರಿ ಕಡಿದು ಕಟ್ಟು ಬಿಚ್ಚುವಾಗ ನಾನು ಹೆರಿಗೆ ಮನೆಯ ಹೊರಗೆ ನಿಂತ ಗಂಡನಂತೆ ಅತ್ತಿತ್ತ ತಿರುಗುತ್ತಿದ್ದೆ. ನನ್ನ ಮೊದಲ ಚಿತ್ರ ಬಂದ ದಿನ ಅವನು ಆ ಪುಟವನ್ನು ತೆರೆದು ಬಟ್ಟೆ ಕ್ಲಿಪ್ಪು ಹಾಕಿ ಅಂಗಡಿಯ ಮುಂದೆ ನೇತುಹಾಕಿದ. ಶೃಂಗೇರಿ ಬಸ್ಸಿಗೆ ಕಾಯುವವರೆಲ್ಲ ಅದನ್ನು ನೋಡಲಿ ಎಂದು ನಾನು ಎದುರಿನ ಹೋಟೆಲಿನಲ್ಲಿ ಕೂತು ಮೂರು ಕಾಫಿ ಕುಡಿದೆ. ಒಬ್ಬರು ನೋಡಿದರು. ಕ್ಲಿಪ್ಪು ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ನನ್ನ ಕಾರ್ಯವಿಧಾನದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮೂರಿನಲ್ಲಿ ಚಿತ್ರಕ್ಕೆಂದು ಯಾರನ್ನು ಎದುರು ಕೂರಿಸಿಕೊಳ್ಳುವುದು? ಅಮ್ಮನ ನಿಲುವುಗನ್ನಡಿಯ ಮುಂದೆ ನಾನೇ ಕೂತು, ನನ್ನನ್ನೇ ನೋಡಿ ಬರೆಯುತ್ತಿದ್ದೆ. ನಾಯಕನೂ ನಾನೇ, ನಾಯಕಿಯೂ ನಾನೇ. ಸೆರಗಿನ ನೆರಿಗೆ ತಿಳಿಯಲಿ ಎಂದು ಒಮ್ಮೆ ಅಮ್ಮನ ಸೀರೆ ಹೊದ್ದು ಕೂತಿದ್ದಾಗ ಪಕ್ಕದ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಮಜ್ಜಿಗೆ ಕೇಳದೆಯೇ ಹೋದರು. ಅದಿರಲಿ.

ನನ್ನ ಎರಡನೆಯ ವಿಧಾನ ಇನ್ನೂ ಮುಖ್ಯವಾದದ್ದು. ಬಂದ ಕಥೆಯ ಮೊದಲ ಎರಡು ಪುಟಗಳನ್ನು ಮಾತ್ರ ನಾನು ಓದುತ್ತಿದ್ದೆ. ಇದಕ್ಕೊಂದು ಸಿದ್ಧಾಂತವೂ ಇತ್ತು: ಪೂರ್ತಿ ಓದಿದರೆ ಕಲಾವಿದನ ಕಲ್ಪನೆ ಕಥೆಗಾರನ ಕೂಲಿಯಾಗಿಬಿಡುತ್ತದೆ! ಇದನ್ನು ನಾಗೇಶನಿಗೆ ವಿವರಿಸಿದಾಗ ಅವನು, “ಕೈಬರಹ ಓದೋಕೆ ಸೋಮಾರಿತನ ಅಂತ ಹೇಳು ಮಾರಾಯ” ಎಂದ. ಅವನು ಎಸ್ಸೆಸ್ಸೆಲ್ಸಿ. ಅದಕ್ಕೆ ಅಷ್ಟು ಬೇಗ ಅರ್ಥವಾಯಿತು.

ಹೀಗೆ ಐದಾರು ಚಿತ್ರ ಅಚ್ಚಾಗಿ ನಾನು ನೆಲದಿಂದ ಒಂದಡಿ ಮೇಲೆ ನಡೆಯುತ್ತಿದ್ದಾಗ, ನೆಮ್ಮಾರಿನಿಂದ ತಮ್ಮಯ್ಯ ಮಾವ, ಅಂದರೆ ಅಮ್ಮನ ತಮ್ಮ, ಒಂದು ಸಂಬಂಧ ತಂದರು.

“ಭಂಡಿಗಡಿ ಮಂಜಪ್ಪ ಗೌಡ್ರ ಮಗಳು, ಜಯಂತಿ ಅಂತ. ಡಿಗ್ರಿ ಆಗಿದೆ. ಕಡ್ಲೆ ಕಟ್ಟಿಕೊಟ್ಟ ಕಾಗದಾನೂ ಬಿಡದೆ ಓದೋ ಹುಡುಗಿ. ನೀನು ಚಿತ್ರ ಬರೀತಿ, ಇಡೀ ರಾಜ್ಯ ನೋಡ್ತದೆ ಅಂತ ಗೌಡ್ರಿಗೆ ಹೇಳಿದೀನಿ.”

“ಗೌಡ್ರು ಎಂತ ಹೇಳಿದ್ರು ಮಾವ?”

“‘ಅದು ಸರಿ, ಕೆಲಸ ಎಂತ?’ ಅಂದ್ರು.”

ಆದರೂ ಗೌಡರು ಬರಹೇಳಿದ್ದರು. ಹೋದೆವು. ಉಪ್ಪಿಟ್ಟು, ಕೇಸರಿಬಾತು ಆಯಿತು. ಜಯಂತಿ ಕಾಫಿ ತಂದು ಕೊಟ್ಟು, ತಲೆ ತಗ್ಗಿಸುವ ಬದಲು ನನ್ನನ್ನು ನೇರವಾಗಿ ನೋಡಿ, ಬಾಗಿಲ ಪಕ್ಕ ನಿಂತಳು. ಆ ಕ್ಷಣದಲ್ಲೇ ನಾನು ಮದುವೆಗೆ ಒಪ್ಪಿದ್ದೆ. ಜಾತಕದ ಬಗ್ಗೆ ಇದ್ದ ಅನುಮಾನಗಳನ್ನೂ ಹಿಂತೆಗೆದುಕೊಳ್ಳಲು ಸಿದ್ಧನಿದ್ದೆ. ಇನ್ನು ಬೇಕಿದ್ದದ್ದು ಗೌಡರ ಒಪ್ಪಿಗೆ.

ಗೌಡರು ಒಳಗಿನಿಂದ ಒಂದು ಪತ್ರಿಕೆ ತಂದು, ಕನ್ನಡಕ ಹಾಕಿಕೊಂಡು, ಒಂದು ಪುಟ ತೆರೆದು ನನ್ನ ಮುಂದಿಟ್ಟರು. ಮಲೆನಾಡಿನ ಒಂದು ಕಥೆಗೆ ನಾನು ಬರೆದ ಚಿತ್ರ. ನಾನು ವಿನಯದಿಂದ ಮುಗುಳ್ನಕ್ಕೆ.

“ಇದು ಎಂತ ಮರ?”

“ಅಡಿಕೆ ಮರ.”

“ಮತ್ತೆ ಇದು?”

“ಅಡಿಕೆ ಗೊನೆ.”

“ಅದು ಯಾಕೆ ನೆತ್ತಿ ಮೇಲೆ ಹತ್ತಿ ಕೂತಿದೆ?”

ನಾನು ನೋಡಿದೆ. ನನಗೇನೂ ತಪ್ಪು ಕಾಣಲಿಲ್ಲ. ಅದೇ ದೊಡ್ಡ ತಪ್ಪು! ಅಡಿಕೆ ಗೊನೆ ಬಿಡುವುದು ಗರಿಗಳ ನಡುವೆ ಅಲ್ಲ. ಗರಿಗಳ ಕೆಳಗೆ ಮರವನ್ನು ಸುತ್ತಿದ ಹಸಿರು ಹಾಳೆ ಮುಗಿಯುವಲ್ಲಿ, ಅದರ ಕೆಳಗೆ, ಮರದ ಕಾಂಡಕ್ಕೆ ಅಂಟಿಕೊಂಡು. ನಾನು ಅದನ್ನು ತೆಂಗಿನಕಾಯಿಯಂತೆ ಗರಿಗಳ ಬುಡದಲ್ಲಿ ಒಟ್ಟಿಟ್ಟಿದ್ದೆ. ಮರುಭೂಮಿಯವನು ಹೀಗೆ ಬರೆದರೆ ಕ್ಷಮೆಯುಂಟು. ನಾನು ಕೊಪ್ಪದವನು! ಅಪ್ಪನದು ಅಂಚೆ ಕಚೇರಿಯ ನೌಕರಿ, ನಾವು ಪೇಟೆಯ ಬಾಡಿಗೆ ಮನೆಯವರು, ಅಡಿಕೆಯನ್ನು ನಾನು ಕಂಡದ್ದು ತಾಂಬೂಲದ ತಟ್ಟೆಯಲ್ಲಿ ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎಂ.ಎ. ಪದವಿ ಬಿಡಬೇಕಲ್ಲ!

“ಅದು ಕಲಾವಿದನ ಸ್ವಾತಂತ್ರ್ಯ” ಎಂದೆ.

ಗೌಡರು ಕನ್ನಡಕ ತೆಗೆದರು. “ಸ್ವಾತಂತ್ರ್ಯ ನಿನಗಿರಬಹುದು ಮಾರಾಯ. ಅಡಿಕೆಗಿಲ್ಲ.”

ಬಾಗಿಲ ಕಡೆಯಿಂದ ನಗು ಕೇಳಿತು. ಆಮೇಲೆ ಮಾತು. “ಅಪ್ಪಯ್ಯ, ಅದಿರ್ಲಿ. ಇವರು ಬರೆದ ಹೆಂಗಸರೆಲ್ಲ ಎಡಗೈಲೇ ಬಡಿಸ್ತಾರೆ ನೋಡಿ. ಮದುವೆ ಊಟದ ಚಿತ್ರದಲ್ಲೂ ಪಾಯಸ ಎಡಗೈಲೇ!”

ತಮ್ಮಯ್ಯ ಮಾವ ಪತ್ರಿಕೆ ಎಳೆದುಕೊಂಡು ನೋಡಿದರು. ಎಡಗೈ. ಜಯಂತಿ ಒಳಗಿನಿಂದ ತಂದ ಇನ್ನೊಂದನ್ನು ನೋಡಿದರು. ಎಡಗೈಯಲ್ಲೇ ಆರತಿ! ಕನ್ನಡಿಯಲ್ಲಿ ನೋಡಿ ಬರೆದರೆ ಬಲ ಎಡವಾಗುತ್ತದೆ ಎಂಬುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ಸಂಪಾದಕರಿಗೂ ಹೊಳೆದಿರಲಿಲ್ಲ. ಇಡೀ ರಾಜ್ಯದಲ್ಲಿ ಹೊಳೆದದ್ದು ಭಂಡಿಗಡಿಯ ಈ ಹುಡುಗಿಗೆ. ನನಗೆ ನಾಚಿಕೆಯಾಗಬೇಕಿತ್ತು. ಸಂತೋಷವಾಯಿತು. ನನ್ನ ಚಿತ್ರಗಳನ್ನು ಒಬ್ಬರು ಅಷ್ಟು ಹೊತ್ತು ನೋಡಿದ್ದಾರೆ!

ಹೊರಡುವಾಗ ಗೌಡರು ತೀರ್ಪು ಕೊಟ್ಟರು: “ಭಾನುವಾರ ಭಾನುವಾರ ತೋಟಕ್ಕೆ ಬಾ. ನೋಡಿ ಕಲಿ. ಪತ್ರಿಕೇಲಿ ಸರಿಯಾದ ಅಡಿಕೆ ಮರ ಒಂದು ಬರ್ಲಿ. ಆಮೇಲೆ ಮದುವೆ ಮಾತು ನೋಡುವ.”

ದಾರಿಯುದ್ದಕ್ಕೂ ಮಾವ ಗೊಣಗಿದರು. “ಬೇರೆ ಕಡೆ ಜಾತಕ ಕೂಡ್ಬೇಕು ಅಂತಾರೆ. ಇಲ್ಲಿ ಮರ ಕೂಡ್ಬೇಕಂತೆ!”

ನನಗಂತೂ ಆ ಭಾನುವಾರಗಳಷ್ಟು ಸುಖದ ದಿನಗಳು ಆಮೇಲೆ ಬಂದ ನೆನಪಿಲ್ಲ. ಮೂರೋ ನಾಲ್ಕೋ ಭಾನುವಾರ. ಗೌಡರು ಅಡಿಕೆಯ ಹಾಳೆಟೋಪಿ ಹಾಕಿಕೊಂಡು ಮುಂದೆ, ನಾನು ಕಾಗದದ ರಟ್ಟು ಹಿಡಿದು ಹಿಂದೆ. ಹಾಳೆ ಕಳಚಿ ಬಿದ್ದ ಜಾಗದಲ್ಲಿ ಹೂಗೊಂಚಲು ಹೇಗೆ ಬಿಚ್ಚುತ್ತದೆ, ಗೊನೆ ಎಷ್ಟು ಬಾಗುತ್ತದೆ, ಮರದ ಮೇಲಿನ ಉಂಗುರಗಳು ಎಲ್ಲಿ ಹತ್ತಿರ, ಎಲ್ಲಿ ದೂರ, ಎಲ್ಲವನ್ನೂ ಅವರು ಮಗುವಿಗೆ ಅ ಆ ಹೇಳಿಕೊಟ್ಟಂತೆ ಹೇಳಿಕೊಟ್ಟರು. ನಾನು ಐದನೆಯ ಸಲ ತಿದ್ದಿದಾಗ, “ಹಾಂ, ಈಗ ಕಾಯಿ ಉದುರಲ್ಲ” ಎಂದರು. ಎಂ.ಎ.ಯಲ್ಲಿ ಮೊದಲ ದರ್ಜೆ ಬಂದಾಗಲೂ ನನ್ನ ಎದೆ ಹಾಗೆ ಉಬ್ಬಿರಲಿಲ್ಲ.

ಹತ್ತು ಗಂಟೆಗೆ ಜಯಂತಿ ಕಾಫಿ ತರುತ್ತಿದ್ದಳು. ಲೋಟವನ್ನು ಬೇಕೆಂದೇ ಎಡಗೈಯಲ್ಲಿ ಕೊಡುತ್ತಿದ್ದಳು! ನಾನು ಎಡಗೈಯಲ್ಲೇ ತೆಗೆದುಕೊಳ್ಳುತ್ತಿದ್ದೆ. ಇಷ್ಟೇ ನಮ್ಮ ಪ್ರಣಯ.

ಮರದ ಜೊತೆಗೆ ನಾನು ಗೌಡರನ್ನೂ ಕದ್ದು ಬರೆಯುತ್ತಿದ್ದೆ. “ಮರ ಬರಿ, ನನ್ನ ಬರಿಬೇಡ. ಮುಖ ಬರೆಸಿಕೊಂಡ್ರೆ ಆಯಸ್ಸು ಕಮ್ಮಿ ಆಗ್ತದಂತೆ” ಎಂದು ಅವರು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಆದರೆ ಅಂಥ ಮುಖವನ್ನು ಯಾವ ಕಲಾವಿದ ಬಿಟ್ಟಾನು? ನಡುವೆ ತುಂಡಾದ ಎಡಹುಬ್ಬು, ಕಿವಿಯಿಂದ ಹೊರಗಿಣುಕುವ ಕೂದಲು, ಕೊಡಲಿಯಲ್ಲಿ ಕೆತ್ತಿದಂಥ ಗಲ್ಲ. ಒಂದು ದಿನ ಜಯಂತಿ ರಟ್ಟಿನ ಕೆಳಗಿನ ಹಾಳೆ ಎಳೆದು ನೋಡಿ, “ಅಪ್ಪಯ್ಯನ ಹುಬ್ಬು ಹಿಂಗೇ” ಎಂದಳು. ಹಾಳೆಯನ್ನು ಇದ್ದ ಹಾಗೇ ಇಟ್ಟಳು. ಅಪ್ಪನಿಗೆ ಹೇಳಲಿಲ್ಲ.

ಅದೇ ವಾರ ಬೆಂಗಳೂರಿನಿಂದ ಲಕೋಟೆ ಬಂತು. ಕಥೆಯ ಮೊದಲ ಪುಟ: ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ. ಎರಡನೆಯ ಪುಟ: ಹತ್ತು ಹಳ್ಳಿಗೆ ನ್ಯಾಯ ಹೇಳುವ, ಸುಳ್ಳು ಎಂದರೆ ಬೆಂಕಿಯಾಗುವ ಹಿರಿಯ. ದೇವರೇ ಕಳಿಸಿದ ಕಥೆ ಎಂದುಕೊಂಡೆ. ದೇವರನ್ನು ನಂಬದವನು ಅದೊಂದು ದಿನ ವಿನಾಯಿತಿ ಕೊಟ್ಟಿದ್ದೆ. ಮೂರನೆಯ ಪುಟ ತೆರೆಯುವ ಅಗತ್ಯವೇ ಕಾಣಲಿಲ್ಲ. ಗೌಡರನ್ನು ಹಾಳೆಟೋಪಿ ಸಮೇತ ಅಡಿಕೆ ಮರದ ಕೆಳಗೆ ನಿಲ್ಲಿಸಿದೆ. ಕೈ ಬಲಗೈ. ಗೊನೆ ಹಾಳೆಯ ಕೆಳಗೆ. ಅಂಥ ಚಿತ್ರವನ್ನು ನಾನು ಹಿಂದೆ ಬರೆದಿರಲಿಲ್ಲ, ಮುಂದೆಯೂ ಬರೆಯಲಿಲ್ಲ. ಅಚ್ಚಾದ ಮೇಲೆ ಗೌಡರ ಕೈಗೆ ಕೊಟ್ಟು, ಆ ತುಂಡು ಹುಬ್ಬು ಮೇಲೇರುವುದನ್ನು ನೋಡಬೇಕೆಂದು ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದೆ.

ಪತ್ರಿಕೆ ಬಂದ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ನಾಗೇಶ ಕಥೆ ಓದಿ ಮುಗಿಸಿದ್ದ. ಮಾರುವ ಮೊದಲು ಎಲ್ಲವನ್ನೂ ಓದುವುದು ಅವನ ಅಭ್ಯಾಸ.

“ಇವ ಭಂಡಿಗಡಿ ಗೌಡ್ರಲ್ದಾ?” ಎಂದ.

“ಹೌದು ಮತ್ತೆ! ಹೇಗಿದೆ?”

“ಚಿತ್ರ ಚೆನ್ನಾಗಿದೆ ಮಾರಾಯ. ಆದ್ರೆ ಇವ ಕಡೇಲಿ ಕಳ್ಳ.”

ನನಗೆ ಅರ್ಥವಾಗಲಿಲ್ಲ. ಅವನು ಕೊನೆಯ ಪುಟ ಓದಿ ಹೇಳಿದ. ಆ ನ್ಯಾಯವಂತ ಹಿರಿಯ, ಗಂಡ ಸತ್ತ ತನ್ನ ತಂಗಿಯ ಅಂಗಳದಲ್ಲಿ ಒಣಗಲು ಹರವಿದ್ದ ಅಡಿಕೆಯನ್ನು ತಾನೇ ಕದ್ದು, ಆ ಕಳವಿನ ನ್ಯಾಯವನ್ನೂ ತಾನೇ ಹೇಳುತ್ತಾನೆ! ಅಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಉಪಸಂಪಾದಕರು ಕಥೆಯ ಅತ್ಯಂತ ರಸವತ್ತಾದ ವಾಕ್ಯವನ್ನು ಆರಿಸಿ ಚಿತ್ರದ ಕೆಳಗೆ ಹಾಕಿದ್ದರು: “ತಂಗಿಯ ಅಂಗಳದ ಅಡಿಕೆ ಕದ್ದವನು ಇವನೇ!”

ಮೇಲೆ ಗೌಡರು. ಕೆಳಗೆ ಇದು.

ನಾನು ಪುಟ ಮಡಚಿ ಅತ್ತಿತ್ತ ನೋಡಿದೆ. ನಾಗೇಶನಿಗೆ ಗಾಬರಿಯೇನೂ ಆದಂತಿರಲಿಲ್ಲ. “ಎಂತಕ್ಕೆ ಹೆದರ್ತಿ? ಗೌಡ್ರ ಮನೆ ಪ್ರತಿ ನಾನೇ ಅಲ್ದಾ ಬಸ್ಸಿಗೆ ಹಾಕೋದು? ಈ ವಾರ ಹಾಕಲ್ಲ. ಕಟ್ಟು ಬಂದಿಲ್ಲ ಅಂದ್ರೆ ಆಯ್ತು.”

“ಬೇರೆಯವರು ನೋಡಿ ಹೇಳಿದ್ರೆ? ಶೃಂಗೇರೀಲಿ ಅವರ ನೆಂಟರಿದಾರೆ. ನರಸಿಂಹರಾಜಪುರದಲ್ಲಿ ಅವರ ಷಡ್ಡಕರು ಇದಾರೆ. ಚಿತ್ರದ ಕೆಳಗೆ ನನ್ನ ಹೆಸರು ಅಷ್ಟು ದಪ್ಪಕ್ಕೆ ಹಾಕಿದಾರಲ್ಲೋ!”

“ವಾರಪತ್ರಿಕೆ ಆಯಸ್ಸು ಒಂದು ವಾರ. ಆಮೇಲೆ ಮಂಡಕ್ಕಿ ಪೊಟ್ಟಣ. ಸುಮ್ನಿರು.”

ಸುಮ್ಮನಿರು ಎಂಬುದು ಎಷ್ಟು ಸುಲಭದ ಸಲಹೆ! ನನಗೆ ತರ್ಕಶಾಸ್ತ್ರ ಬರುತ್ತಿತ್ತು. ಪ್ರತಿಗಳೇ ಇಲ್ಲದಿದ್ದರೆ ಓದುಗರಿಲ್ಲ, ಓದುಗರಿಲ್ಲದಿದ್ದರೆ ಸಮಸ್ಯೆಯಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ಊರಿನ ಪ್ರತಿಗಳನ್ನು ನಾನೇ ಕೊಂಡುಬಿಡುವುದು! ನಾಗೇಶನ ಹತ್ತಿರ ಇದ್ದದ್ದನ್ನೆಲ್ಲ ಚೀಲಕ್ಕೆ ತುಂಬಿ ಶೃಂಗೇರಿ ಬಸ್ಸು ಹತ್ತಿದೆ.

ಶೃಂಗೇರಿಯ ಅಂಗಡಿಯವರು ಕುಂಕುಮ, ಕರ್ಪೂರದ ಪಕ್ಕದಲ್ಲಿ ಪತ್ರಿಕೆ ಜೋಡಿಸಿದ್ದರು.

“ಈ ವಾರದ್ದು ಎಷ್ಟಿದೆ?”

“ಹದಿನೆಂಟಿದೆ. ಎಷ್ಟು ಬೇಕಿತ್ತು?”

“ಹದಿನೆಂಟು.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಎಂತ ಬಂದಿದೆ ಇದ್ರಲ್ಲಿ?”

“ಎಂತದೂ ಬಂದಿಲ್ಲ!”

“ಎಂತದೂ ಬರದೇ ಇದ್ದದ್ದಕ್ಕೆ ಹದಿನೆಂಟಾ?”

ಎಣಿಸಿ ಕೊಟ್ಟರು. ಹದಿನೇಳಿತ್ತು. ಒಂದನ್ನು ಗಲ್ಲಾಪೆಟ್ಟಿಗೆಯ ಕೆಳಗೆ ತಳ್ಳಿದ್ದು ನನಗೆ ಕಾಣಿಸಿತು. ಕೇಳುವ ಧೈರ್ಯವಿರಲಿಲ್ಲ.

ಮತ್ತೆ ಕೊಪ್ಪಕ್ಕೆ ಬಂದು, ಬಸ್ಸು ಬದಲಿಸಿ, ನರಸಿಂಹರಾಜಪುರ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಅಲ್ಲಿಯ ಅಂಗಡಿಯ ಮುಂದೆ ಏಳೆಂಟು ಜನ. ನಡುವೆ ಅಂಗಡಿಯವರು ಪತ್ರಿಕೆ ಬಿಡಿಸಿಕೊಂಡು ಕೂತಿದ್ದಾರೆ. ನನ್ನ ಚೀಲ ನೋಡಿದ ಕೂಡಲೇ ಎದ್ದು ನಿಂತರು. “ಬನ್ನಿ, ಬನ್ನಿ! ಶೃಂಗೇರಿಯಿಂದ ಫೋನ್ ಬಂದಿತ್ತು. ಯಾವುದೋ ಪುಟದಲ್ಲಿ ಯಾರದೋ ಸಂಗತಿ ಇದೆಯಂತೆ. ಮುಕ್ಕಾಲು ಗಂಟೆಯಿಂದ ಹುಡುಕ್ತಿದೀವಿ. ಯಾವ ಪುಟ ಹೇಳಿಬಿಡಿ, ಪುಣ್ಯ ಬರ್ತದೆ!”

ಒಬ್ಬರು ರಾಶಿಭವಿಷ್ಯದಲ್ಲಿದೆ ಎಂದರು. ಇನ್ನೊಬ್ಬರು ಅಡುಗೆ ಪುಟವನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನಾನು ಒಂದು ಪ್ರತಿಯನ್ನೂ ಕೊಳ್ಳಲಾಗದೆ ವಾಪಸಾದೆ. ಕೊಪ್ಪದಲ್ಲಿ ನಾಗೇಶ ನಗುತ್ತಾ ಕಾದಿದ್ದ. “ಶಿವಮೊಗ್ಗದಿಂದ ಇನ್ನೂ ಇಪ್ಪತ್ತೈದು ತರಿಸ್ತಿದೀನಿ ಮಾರಾಯ. ಇಂಥ ವಾರ ಅಂಗಡಿ ಇಟ್ಟ ಮೇಲೆ ಕಂಡಿರ್ಲಿಲ್ಲ!”

ಇಷ್ಟಾದ ಮೇಲಾದರೂ ಮನೆಯಲ್ಲಿ ಮಲಗಬೇಕಿತ್ತು. ಆದರೆ ನೀತಿಶಾಸ್ತ್ರದಲ್ಲಿ ನನಗೆ ಅತಿ ಹೆಚ್ಚು ಅಂಕ ಬಂದಿತ್ತು. ಗೌಡರಿಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೋಗಿ ಸತ್ಯ ಹೇಳಿದರೆ, ಆ ಪ್ರಾಮಾಣಿಕತೆಗೆ ಮೆಚ್ಚಿ ಅವರು ಮಗಳನ್ನು ಕೊಟ್ಟೇ ಕೊಡುತ್ತಾರೆ ಎಂದು ತೀರ್ಮಾನಿಸಿದೆ. ಮರುದಿನ ಮೊದಲ ಬಸ್ಸಿಗೆ ಭಂಡಿಗಡಿಗೆ ಹೊರಟೆ. ಕೈಯಲ್ಲಿ ಒಂದು ಪ್ರತಿ.

ಗೌಡರು ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ನಾನು ಕಂಡಿರದ ಒಬ್ಬ ಹೆಂಗಸು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಓ, ಬಾ ಬಾ. ಇವತ್ತು ಭಾನುವಾರ ಅಲ್ವಲ್ಲ? ಇವಳು ನನ್ನ ತಂಗಿ. ಬಾವ ಹೋದ ಮೇಲೆ ಇವಳ ತೋಟಾನೂ ನಾನೇ ನೋಡ್ಕೊಳ್ಳೋದು. ನಿನ್ನ ನೋಡ್ಬೇಕು ಅಂತಿದ್ಲು.”

ಗಂಡ ಸತ್ತ ತಂಗಿ. ಅಡಿಕೆ ತೋಟ. ನಾನು ಹೊಸ್ತಿಲಲ್ಲೇ ತಿರುಗಿ ಓಡಬೇಕಿತ್ತು. ಬದಲಿಗೆ ಬಸ್ಸಿನಲ್ಲಿ ಉರುಹೊಡೆದ ಭಾಷಣ ಶುರುಮಾಡಿದೆ.

“ಗೌಡ್ರೇ, ನಾನು ಕ್ಷಮೆ ಕೇಳೋಕೆ ಬಂದೆ. ಅದು ನೀವಲ್ಲ.”

“ಯಾವುದು ನಾನಲ್ಲ?”

“ಆ ಕಳ್ಳ. ಆ ಕಳ್ಳ ನೀವಲ್ಲ.”

ಗೌಡರು ತಂಗಿಯ ಮುಖ ನೋಡಿದರು. “ನಾನು ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಹೇಳೋ ಮೊದಲೇ ನಾನು ಹೇಳೋಣ ಅಂತ...” ಎಂದು ಪತ್ರಿಕೆ ಬಿಡಿಸಿ ಕೊಟ್ಟೆ.

ಗೌಡರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಇದು ಯಾರು?” ಎಂದರು. ಹೌದು, ಅವರಿಗೆ ಗುರುತೇ ಸಿಕ್ಕಿರಲಿಲ್ಲ! ತನ್ನ ಮುಖ ತನಗೆ ಎಷ್ಟು ಗೊತ್ತಿರುತ್ತದೆ? ಆಗಲಾದರೂ ನಾನು ‘ಯಾರೋ ಒಬ್ಬರು’ ಎಂದಿದ್ದರೆ! ನಾನು ಬೆರಳಿಟ್ಟು, “ಇದು ನಿಮ್ಮ ಹುಬ್ಬು. ಇದು ನಿಮ್ಮ ಕಿವಿ. ಆದ್ರೆ ಒಟ್ಟು ನೀವಲ್ಲ” ಎಂದು ವಿವರಿಸಿದೆ.

ತಂಗಿ ಪತ್ರಿಕೆ ಎಳೆದುಕೊಂಡರು. ಚಿತ್ರ ನೋಡಿದರು. ಕೆಳಗಿನ ಸಾಲನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಓದಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಅಣ್ಣ, ಇದು ನೀನೇ ಕಣೋ! ಅದಕ್ಕೇ ನೋಡು, ನಮ್ಮಂಗಳದ ಅಡಿಕೆ ಒಣಗಿದ ಮೇಲೆ ಅಷ್ಟು ಕಮ್ಮಿ ಬಂದದ್ದು!”

ತಮಾಷೆಗೇ ಹೇಳಿದ್ದು. ನನಗೂ ಗೊತ್ತಿತ್ತು, ಗೌಡರಿಗೂ ಗೊತ್ತಿತ್ತು. ಆದರೆ ಗೌಡರು ನಗಲಿಲ್ಲ. ತನ್ನ ತೋಟದ ಕೆಲಸ ಬಿಟ್ಟು ತಂಗಿಯ ತೋಟ ನೋಡಿಕೊಂಡ ಮನುಷ್ಯ. ಪತ್ರಿಕೆಯನ್ನು ನಿಧಾನವಾಗಿ ಮಡಚಿದರು. ಮತ್ತೆ ಬಿಡಿಸಿ, ಮುಖವನ್ನಲ್ಲ, ಹಿಂದಿನ ಮರವನ್ನು ನೋಡಿದರು.

“ಮರ ಸರಿ ಬರೆದಿದೀಯ” ಎಂದರು.

ಅಷ್ಟೇ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಎದ್ದು ಒಳಗೆ ಹೋದರು. ತಂಗಿ, “ಅಯ್ಯೋ, ನಗೆಚಾಟಿಕೆಗೆ ಅಂದೆ ಕಣೋ ಅಣ್ಣ” ಎನ್ನುತ್ತಾ ಹಿಂದೆಯೇ ಹೋದರು. ಜಗಲಿಯಲ್ಲಿ ನಾನು, ಎಲೆಯ ತಟ್ಟೆ, ಮತ್ತು ನನ್ನ ಜೀವನದ ಅತ್ಯುತ್ತಮ ಚಿತ್ರ ಉಳಿದೆವು.

ಬೇಲಿಯ ತಡಮೆ ದಾಟುವಾಗ ಜಯಂತಿ ಹಿಂದಿನಿಂದ ಬಂದಳು. ಅತ್ತಿದ್ದಳೋ, ನಗು ತಡೆದಿದ್ದಳೋ, ಇದನ್ನೂ ನಾನು ಖಚಿತವಾಗಿ ಹೇಳಲಾರೆ. ಕಣ್ಣು ಕೆಂಪಗಿತ್ತು ಎಂದು ನೆನಪು.

“ಎಷ್ಟು ಪುಟ ಓದಿದ್ರಿ?” ಎಂದಳು.

“ಎರಡು.”

“ನನ್ನನ್ನೂ ಎರಡೇ ಪುಟ ಓದಿ ಒಪ್ಪಿದ್ದಾ?”

ನನ್ನ ಬಳಿ ಉತ್ತರವಿತ್ತು. ಬಸ್ಸು ಕೊಪ್ಪ ಮುಟ್ಟಿದ ಮೇಲೆ 'ಇಲ್ಲ, ನಿನ್ನನ್ನು ಪೂರ್ತಿ ಓದಬೇಕೆಂದೇ ಬಂದವನು' ಎಂಬ ಸೊಗಸಾದ ಉತ್ತರ ಹೊಳೆಯಿತು. ನನ್ನ ಉತ್ತರಗಳೆಲ್ಲ ಕೊಪ್ಪ ಮುಟ್ಟಿದ ಮೇಲೇ ಹೊಳೆಯುವುದು.

ಮುಂದಿನ ವಾರ ತಮ್ಮಯ್ಯ ಮಾವನ ಮೂಲಕ “ಈಗ ಬೇಡ” ಎಂಬ ಮಾತು ಬಂತು. ಜಯಂತಿಯನ್ನು ಶೃಂಗೇರಿ ಕಡೆಗೆ ಕೊಟ್ಟರು. ನಾನು ಕಾಲೇಜು ಮೇಷ್ಟ್ರಾದೆ. ನನಗೆ ನರಸಿಂಹರಾಜಪುರದ ಸುಮಿತ್ರಾ ಸಿಕ್ಕಳು. ಅವರ ಮನೆಗೆ ಯಾವ ಪತ್ರಿಕೆಯೂ ಬರುತ್ತಿರಲಿಲ್ಲ. ಆದ್ದರಿಂದ ಮದುವೆ ಸುಸೂತ್ರವಾಗಿ ನಡೆಯಿತು. ಚಿತ್ರ ಬರೆಯುವುದು ತಾನಾಗಿ ನಿಂತಿತು. ಈಗ ಆ ಪತ್ರಿಕೆಯೇ ಇಲ್ಲ, ನಾಗೇಶನ ಅಂಗಡಿಯಲ್ಲಿ ಮೊಬೈಲ್ ಕವರ್ ತೂಗಾಡುತ್ತವೆ. ಯಾವುದಾದರೂ ಮದುವೆ ಮನೆಯಲ್ಲಿ ಜಯಂತಿ ಎದುರಾದರೆ ಮೊಮ್ಮಗಳನ್ನು ತೋರಿಸುತ್ತಾಳೆ. “ಪೂರ್ತಿ ಓದ್ತೀರಾ ಈಗ?” ಎಂದು ಕೇಳುತ್ತಾಳೆ. “ಕನ್ನಡಕ ಬಂದ ಮೇಲೆ ಓದ್ತೇನೆ” ಎನ್ನುತ್ತೇನೆ. ಇಬ್ಬರೂ ನಗುತ್ತೇವೆ. ಗೌಡರಿಲ್ಲ.

ಈ ಕಥೆಯನ್ನು ಸುಮಿತ್ರಾ ಮೂವತ್ತು ವರ್ಷದಿಂದ ಕೇಳುತ್ತಿದ್ದಾಳೆ. ಪ್ರತಿ ಸಲವೂ ಪತ್ರಿಕೆಯಲ್ಲಿದ್ದ ನನ್ನ ಹೆಸರು ಸ್ವಲ್ಪ ಸ್ವಲ್ಪ ದಪ್ಪವಾಗುತ್ತಿದೆ ಎಂದು ಅವಳ ಆಕ್ಷೇಪಣೆ. ಕಳೆದ ತಿಂಗಳು ಅವಳೇ ಹೇಳಿದಳು. “ಎಲ್ಲದಕ್ಕೂ ಅನುಮಾನ ಪಡ್ತೀರಿ. ನಿಮ್ಮ ಹೆಸರೊಂದರ ಮೇಲೆ ಯಾಕೆ ಇಲ್ಲ? ಯಾವುದಾದ್ರೂ ಹಳೇ ಲೈಬ್ರರೀಲಿ ಇರ್ತದೆ, ಒಂದ್ಸಲ ನೋಡಿ ಬನ್ನಿ.”

ಇಬ್ಬರೂ ಹೋದೆವು. ಬೈಂಡು ಮಾಡಿದ ಹಳೆಯ ಸಂಪುಟ ಧೂಳು ಕೊಡವಿಕೊಂಡು ಬಂತು. ಗೌಡರು ಇದ್ದರು, ಹಾಳೆಟೋಪಿ ಸಮೇತ. ನನ್ನ ನೆನಪಿನಲ್ಲಿ ಇಡೀ ಪುಟ ತುಂಬಿದ್ದ ಚಿತ್ರ ಅಂಗೈಯಷ್ಟಿತ್ತು. ಹುಬ್ಬು ತುಂಡಾದದ್ದು ಅಚ್ಚಿನ ಮಸಿಯಲ್ಲಿ ಮುಚ್ಚಿಹೋಗಿತ್ತು. ಗೊತ್ತಿದ್ದವರು ಬೆರಳಿಟ್ಟು ತೋರಿಸದಿದ್ದರೆ ಅದು ಯಾವ ಗೌಡರೂ ಆಗಬಹುದಿತ್ತು. ನನ್ನ ಭಾನುವಾರಗಳು ಗೊತ್ತಿದ್ದ ನಾಗೇಶ ಊಹಿಸಿದ್ದ, ಜಯಂತಿ ಗುರುತಿಸುತ್ತಿದ್ದಳು, ನಿಜ. ಅವರಿಬ್ಬರೂ ಹೇಳುತ್ತಿರಲಿಲ್ಲ.

ಸುಮಿತ್ರಾ ಕನ್ನಡಕ ಏರಿಸಿ ಪುಟವನ್ನು ಮೇಲಿಂದ ಕೆಳಗೆ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಉಸಿರು ಬಿಟ್ಟು, “ಆವತ್ತು ನೀವು ಬಾಯಿ ಮುಚ್ಕೊಂಡು ಮನೇಲಿ ಕೂತಿದ್ರೆ ನಾನು ಬಚಾವಾಗ್ತಿದ್ದೆ!” ಎಂದಳು.

ನಾನೂ ನೋಡಿದೆ. ನಂಬದೆ, ಮೊದಲಿನಿಂದ ಕೊನೆಯ ಪುಟದವರೆಗೆ ಇಡೀ ಸಂಚಿಕೆಯನ್ನು, ಜಾಹೀರಾತುಗಳ ಸಮೇತ, ಜೀವನದಲ್ಲಿ ಮೊದಲ ಬಾರಿಗೆ ಪೂರ್ತಿ ಓದಿದೆ. ಚಿತ್ರದ ಮೂಲೆಯಲ್ಲಿ ನಾನು ಹಾಕಿದ್ದ ಸಹಿಯನ್ನು ಅಳತೆಗೆ ಹೊಂದಿಸಲು ಕತ್ತರಿಸಿದ್ದರು. ಆ ಸಂಚಿಕೆಯಲ್ಲಿ ಎಲ್ಲಿಯೂ ನನ್ನ ಹೆಸರಿಲ್ಲ.